ಸಮಾಜಕಾರ್ಯ ಬೋಧನೆಯಲ್ಲಿ ಸಾಮಾಜಿಕ ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಪದವಿ, ಸ್ನಾತಕೋತ್ತರ ಪದವಿ) ಪಾಠ ಹೇಳುವ ಉಪನ್ಯಾಸಕರಿಗೆ, ಅದರಲ್ಲೂ ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕರಿಗೆ ಮತ್ತು ಫೀಲ್ಡ್‌ವರ್ಕ್ ಮೇಲ್ವಿಚಾರಕರಿಗೆ ಈ ಪುಟ.

ಸಾಮಾಜಿಕ ನ್ಯಾಯಕ್ಕೆ ಪ್ರತ್ಯೇಕ ಪತ್ರಿಕೆ (ಪೇಪರ್) ಬೇಕೇ?

ಇದ್ದರೆ ಇರಲಿ. ಆದರೆ ಪೂರ್ತಿ ಭಾರವನ್ನು ಅದರ ಮೇಲೆ ಹೊರಿಸಬೇಡಿ. ಸಮಾಜಕಾರ್ಯಕ್ಕೆ 2014ರಲ್ಲಿ ಒಪ್ಪಿಕೊಂಡ ಜಾಗತಿಕ ವ್ಯಾಖ್ಯೆಯಲ್ಲಿ ಸಾಮಾಜಿಕ ನ್ಯಾಯ, ಮಾನವ ಹಕ್ಕು, ಸಾಮೂಹಿಕ ಹೊಣೆ, ವೈವಿಧ್ಯಕ್ಕೆ ಗೌರವ ಈ ನಾಲ್ಕೂ ವೃತ್ತಿಯ ಬುಡದಲ್ಲೇ ಇವೆ. ಪ್ರತ್ಯೇಕ ಪತ್ರಿಕೆ ಮಾಡಿದಾಗ ಹುಡುಗರು ಅದನ್ನು ‘ಥಿಯರಿ’ ಎಂದು ಉರುಹೊಡೆದು ಪರೀಕ್ಷೆ ಮುಗಿಸುತ್ತಾರೆ. ಕೇಸ್‌ವರ್ಕ್‌ಗೆ (ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬದ ಜೊತೆಗಿನ ಕೆಲಸಕ್ಕೆ) ಹೋದಾಗ ಮತ್ತೆ “ಕ್ಲೈಂಟ್‌ಗೆ ತಿಳಿವಳಿಕೆ ಇಲ್ಲ” ಎಂದೇ ಬರೆಯುತ್ತಾರೆ.

ಹಾಗಾಗಿ ಯಾವ ವಿಧಾನ ಕಲಿಸುತ್ತಿದ್ದರೂ ನಾಲ್ಕು ಪ್ರಶ್ನೆ ಬಿಡದೆ ಕೇಳಿಸಿ: ಇದು ಯಾರಿಗೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ? ತೀರ್ಮಾನ ಯಾರದು? ಪಟ್ಟಿಯಲ್ಲಿ ಯಾರ ಹೆಸರೇ ಇಲ್ಲ? ತಪ್ಪನ್ನು ಯಾರ ತಲೆಗೆ ಕಟ್ಟಲಾಗಿದೆ? ಮೂರನೆಯ ಪ್ರಶ್ನೆಯನ್ನೇ ಬಹಳಷ್ಟು ಮಂದಿ ಮರೆಯುವುದು. ದೇವದಾಸಿ ಪದ್ಧತಿಯನ್ನು ಕರ್ನಾಟಕದ 1982ರ ಕಾನೂನು ನಿಷೇಧಿಸಿತು ಎಂದು ಬರೆದರೆ ಅರ್ಧ ಉತ್ತರವಾಯಿತು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಹೆಸರು ಬಾರದ ಮಹಿಳೆಯರು ಮಾಸಾಶನ, ಮನೆ, ಸಾಲ ಸೌಲಭ್ಯಕ್ಕೆ ಎಷ್ಟು ವರ್ಷ ಅಲೆದರು ಎನ್ನುವುದು ಉಳಿದರ್ಧ.

ಮೊದಲ ವಾರದಲ್ಲಿ ಏನು ಮಾಡಿಸಬಹುದು?

ಊರಿನ ನಕ್ಷೆ ಬರೆಸಿ. ಖರ್ಚಿಲ್ಲದ ಕೆಲಸ, ಒಂದು ಡ್ರಾಯಿಂಗ್ ಹಾಳೆ, ಪೆನ್ಸಿಲ್ ಸಾಕು. ಪ್ರತಿಯೊಬ್ಬರೂ ನೆನಪಿನಿಂದಲೇ 30 ನಿಮಿಷದಲ್ಲಿ ತಮ್ಮ ಊರು ಅಥವಾ ಓಣಿಯನ್ನು ಬರೆಯಬೇಕು. ಬಸ್ ಸ್ಟ್ಯಾಂಡ್, ಗುಡಿ, ಮಸೀದಿ, ಅಂಗನವಾಡಿ, ಹಿಟ್ಟಿನ ಗಿರಣಿ, ನೀರಿನ ಟ್ಯಾಂಕ್, ಚಹಾದಂಗಡಿ, ಸ್ಮಶಾನ, ಹೊಲಕ್ಕೆ ಹೋಗುವ ದಾರಿ ಎಲ್ಲವೂ ಇರಲಿ. ಆಮೇಲೆ ಐದೈದು ಜನರ ಗುಂಪು ಮಾಡಿ ಹಾಳೆ ಅದಲುಬದಲು ಮಾಡಿಸಿ.

ಹಾಳೆಯಲ್ಲಿ ಬರೆದಿದ್ದಕ್ಕಿಂತ ಬರೆಯದೆ ಬಿಟ್ಟಿದ್ದನ್ನು ನೋಡಿಸಿ. ದಲಿತ ಕೇರಿಯನ್ನು ಒಂದೇ ಚೌಕದಲ್ಲಿ ಮುಗಿಸಿ ತಮ್ಮ ಓಣಿಯ ಹತ್ತು ಮನೆಗೂ ಹೆಸರು ಬರೆದವರು ಇರುತ್ತಾರೆ. ತಾಂಡಾ ಹಾಳೆಯ ಅಂಚಿಗೆ ಬಂದು ಅರ್ಧಕ್ಕೇ ನಿಂತಿರುತ್ತದೆ. ಸ್ಮಶಾನ ಒಂದೋ, ಎರಡೋ, ಮೂರೋ? ನೀರಿನ ಪೈಪು ಮೊದಲು ಯಾವ ಓಣಿಗೆ ಹೋಗುತ್ತದೆ, ಕೊನೆಗೆ ಯಾವುದಕ್ಕೆ? ಹುಬ್ಬಳ್ಳಿಯಂಥ ಊರಲ್ಲಿ ವಾರಗಟ್ಟಲೆ ನೀರಿಗೆ ಕಾಯುವ ಓಣಿ ಯಾವುದು ಎಂಬ ಪ್ರಶ್ನೆ ಒಂದೇ ಸಾಕು, ಇಡೀ ಪಿರಿಯಡ್ ಹೋಗುತ್ತದೆ.

ಜಾತಿ ಮಾತು ಎತ್ತಿದರೆ ತರಗತಿ ಮೌನವಾಗುತ್ತದೆ. ಇಲ್ಲವೇ “ನಮ್ಮೂರಾಗ ಅಂಥಾದ್ದೇನಿಲ್ರಿ ಸರ” ಎನ್ನುತ್ತಾರೆ. ಏನು ಮಾಡುವುದು?

ಮೊದಲು ಮಾಡಬಾರದ್ದನ್ನು ಹೇಳುತ್ತೇವೆ. ಯಾರ ಜಾತಿಯನ್ನೂ ತರಗತಿಯಲ್ಲಿ ಕೇಳಬೇಡಿ, “ನಿನ್ನ ಅನುಭವ ಹೇಳು” ಎಂದು ದಲಿತ ವಿದ್ಯಾರ್ಥಿಯತ್ತ ತಿರುಗಬೇಡಿ. ಸ್ಕಾಲರ್‌ಶಿಪ್ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗಲೇ ಆ ಹುಡುಗ ಎಲ್ಲರಿಗೂ ಗೊತ್ತಾಗಿರುತ್ತಾನೆ. ಅವನನ್ನು ಮತ್ತೊಮ್ಮೆ ಸಾಕ್ಷಿಕಟ್ಟೆಗೆ ನಿಲ್ಲಿಸಿದರೆ ಉಳಿದವರು ಬರೀ ಪ್ರೇಕ್ಷಕರಾಗುತ್ತಾರೆ. ತಮಗೂ ಒಂದು ಜಾತಿ ಇದೆ, ಅದರಿಂದ ಯಾವ ಬಾಗಿಲು ತಾನಾಗಿ ತೆರೆಯಿತು ಎಂಬ ಯೋಚನೆ ಅವರಿಗೆ ಬರುವುದೇ ಇಲ್ಲ.

“ಅಂಥಾದ್ದೇನಿಲ್ಲ” ಎಂದವರ ಜೊತೆ ವಾದಕ್ಕಿಳಿಯಬೇಡಿ. ದಸರಾ ರಜೆಗೆ ಊರಿಗೆ ಹೋದಾಗ ನೋಡಿಕೊಂಡು ಬರಲು ಐದು ಜಾಗ ಕೊಡಿ: ಕ್ಷೌರದಂಗಡಿ, ಚಹಾದಂಗಡಿ, ಗುಡಿಯ ಹೊಸ್ತಿಲು, ಸ್ಮಶಾನ, ಅಂಗನವಾಡಿಯ ಅಡುಗೆ. ಕೇಳುವುದು ಬೇಡ, ನೋಡಿ ಬರೆಯಲಿ. ಯಾರು ಒಳಗೆ ಕೂತರು, ಯಾರು ಹೊರಗೆ ನಿಂತರು, ಯಾವ ಕಪ್ಪು ಯಾರಿಗೆ? ಕೇಳಲು ಹೋದರೆ ಊರಿನ ಹಿರಿಯರು ಸಿದ್ಧ ಉತ್ತರ ಕೊಡುತ್ತಾರೆ, ಹುಡುಗನಿಗೂ ತೊಂದರೆ ಬರಬಹುದು.

ಇನ್ನೊಂದು ಸಂಗತಿಯನ್ನು ಮೇಲ್ವಿಚಾರಕರು ಕಿವಿಗೊಟ್ಟು ಕೇಳಬೇಕು. ನಮ್ಮ ಕಡೆ ಇಪ್ಪತ್ತರ ಹುಡುಗ ಕೇರಿಯ ಅರವತ್ತರ ಹಿರಿಯನನ್ನು ಏಕವಚನದಲ್ಲಿ ಮಾತಾಡಿಸುವುದು ಇನ್ನೂ ಇದೆ. ಅದೇ ಹುಡುಗ ಗೌಡರ ಓಣಿಯಲ್ಲಿ “ಕಾಕಾರ, ಬರ್ರಿ” ಎನ್ನುತ್ತಾನೆ. ಅವನಿಗೇ ಗೊತ್ತಿಲ್ಲದೆ ಬರುವ ಮಾತು ಅದು. ವರದಿಯಲ್ಲಿ ಎಂದೂ ಕಾಣುವುದಿಲ್ಲ, ಜೊತೆಗೆ ಹೋಗಿ ನಿಂತರೆ ಐದು ನಿಮಿಷದಲ್ಲಿ ಕೇಳುತ್ತದೆ. ಕೇರಿಯ ಮನೆಯಲ್ಲಿ ಕೊಟ್ಟ ನೀರನ್ನು ಕುಡಿದನೋ, “ಈಗಷ್ಟೇ ಕುಡದ್ ಬಂದೇನ್ರಿ” ಎಂದು ಪಕ್ಕಕ್ಕಿಟ್ಟನೋ ಎಂಬುದನ್ನೂ ಗಮನಿಸಿ. ಎಲ್ಲರೆದುರು ಗದರಬೇಡಿ. ವಾರದ ವೈಯಕ್ತಿಕ ಸಭೆಯಲ್ಲಿ ಬಾಗಿಲು ಹಾಕಿ ಮಾತಾಡಿ.

ಫೀಲ್ಡ್‌ವರ್ಕ್‌ಗೆ ಎಲ್ಲಿ ಕಳಿಸಬೇಕು?

ವಾರಕ್ಕೆ 2 ದಿನ, ಸುಮಾರು 15 ಗಂಟೆ ಎಂಬುದು ರೂಢಿ. ಹೋಗಿಬರುವ ಪ್ರಯಾಣವನ್ನು ಅದರಲ್ಲಿ ಸೇರಿಸಬೇಡಿ. ಒಂದೇ ಸೆಮಿಸ್ಟರ್‌ನಲ್ಲಿ ಆಸ್ಪತ್ರೆ, ಶಾಲೆ, ಸ್ಲಂ ಎಂದು ಮೂರು ಕಡೆ ಸುತ್ತಿಸುವ ಚಾಳಿ ಬಿಡಿ. ನೋಡಲು ಚೆಂದ, ಕಲಿಯುವುದು ಏನೂ ಇಲ್ಲ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆ ಎಂದರೆ ಎಲ್ಲರಿಗೂ ಇಷ್ಟ. ಅಲ್ಲಿ ಕಳಿಸಿದರೂ ಕೆಲಸ ವಾರ್ಡಿನಲ್ಲಿ ಮುಗಿಯಬಾರದು. ಕಾಯಿಲೆಯವರು ದಿನಗೂಲಿ ಬಿಟ್ಟು ಎಷ್ಟು ಬಾರಿ ಬಂದರು, ಜೊತೆಗೆ ಬಂದವರ ಊಟ ಎಲ್ಲಿ, ಯಾವ ಕಾಗದವಿಲ್ಲ ಎಂದು ವಾಪಸು ಕಳಿಸಿದರು ಎಂಬುದನ್ನು ದಾಖಲಿಸಲಿ.

ಇವಲ್ಲದೆ ಕಲಿಯಲು ತುಂಬ ಇರುವ ಜಾಗಗಳಿವೆ. ಬ್ಯಾಡಗಿ ಮಾರುಕಟ್ಟೆಯ ಸುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ತೂಕ ಮಾಡುವವರು ಯಾರು, ಘಾಟಿಗೆ ಉರಿಯುವ ಕೈ-ಕಣ್ಣಿಗೆ ಔಷಧ ಯಾರ ಖರ್ಚು ಎಂದು ಕೇಳಿದರೆ ಅಸಂಘಟಿತ ಕಾರ್ಮಿಕರ ಪಾಠ ಪೂರ್ತಿ ಸಿಗುತ್ತದೆ. ರಾಣೇಬೆನ್ನೂರು ಕಡೆಯ ಬೀಜೋತ್ಪಾದನೆ ಹೊಲಗಳಲ್ಲಿ ಹತ್ತಿಯ ‘ಕ್ರಾಸಿಂಗ್’ ಹಂಗಾಮು ನಡೆಯುತ್ತದೆ. ಸಂಜೆ ಹೂವಿನ ಕೇಸರ ತೆಗೆದು, ಮರುದಿನ ಬೆಳಗ್ಗೆ ಪರಾಗ ಮುಟ್ಟಿಸಬೇಕು. ಸಣ್ಣ ಕೈಗಳಿಗೆ ಬೇಡಿಕೆ ಹುಟ್ಟುವುದು ಇಲ್ಲಿಂದಲೇ. ಆ ಹಂಗಾಮಿನ ಶಾಲಾ ಹಾಜರಿ ಪುಸ್ತಕವನ್ನು ಜೂನ್ ತಿಂಗಳದ ಜೊತೆ ಇಟ್ಟು ನೋಡಿದರೆ ಬಾಲಕಾರ್ಮಿಕ ಪದ್ಧತಿ ಅಂಕಿಯಲ್ಲಿ ಕಾಣುತ್ತದೆ. ಹೊಲಕ್ಕೆ ನುಗ್ಗಿ ಫೋಟೊ ತೆಗೆಯುವ ಅಗತ್ಯವಿಲ್ಲ, ತೆಗೆಯಲೂಬಾರದು.

ಗದಗ-ಬೆಟಗೇರಿಯ ನೇಕಾರರು, ಹುಬ್ಬಳ್ಳಿ ದುರ್ಗದಬೈಲಿನ ಬೀದಿ ವ್ಯಾಪಾರಿಗಳು, ಗುತ್ತಿಗೆ ಪೌರಕಾರ್ಮಿಕರು ಕೂಡ ಒಳ್ಳೆಯ ಆಯ್ಕೆ. ಕಲಘಟಗಿ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಬಗ್ಗೆ ಒಂದು ಮಾತು: ಉತ್ತರ ಕನ್ನಡದ ಸಿದ್ದಿಯರಿಗೆ ಮೊದಲೇ ಇದ್ದ ಪರಿಶಿಷ್ಟ ಪಂಗಡದ ಮಾನ್ಯತೆ ಧಾರವಾಡ, ಬೆಳಗಾವಿ ಜಿಲ್ಲೆಗಳಿಗೆ ಬಂದದ್ದು 2020ರ ತಿದ್ದುಪಡಿಯಿಂದ. ಅಲ್ಲಿವರೆಗೆ ಒಂದೇ ಜನ, ಜಿಲ್ಲೆಯ ಗಡಿ ದಾಟಿದರೆ ಸೌಲಭ್ಯ ಇರಲಿಲ್ಲ! ಪಟ್ಟಿ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಆದರೆ ಅಲ್ಲಿಗೆ ‘ಕುಣಿತ ನೋಡಲು’ ವಿದ್ಯಾರ್ಥಿಗಳನ್ನು ಕರೆದೊಯ್ಯಬೇಡಿ.

ಮೊದಲ ದಿನವೇ ಜನ “ಏನ್ ಸ್ಕೀಮ್ ಬಂದೈತ್ರಿ?” ಎಂದು ಹೆಸರು ಬರೆಸಲು ಮುಂದಾಗುತ್ತಾರೆ. ವಿದ್ಯಾರ್ಥಿ ಏನು ಹೇಳಬೇಕು?

ಇದ್ದದ್ದನ್ನೇ. “ಏನೂ ಕೊಡಾಕ ಬಂದಿಲ್ರಿ ಅಕ್ಕಾರ. ಕಾಲೇಜಿನಿಂದ ಕಲಿಯಾಕ ಬಂದೇವಿ. ನಿಮ್ಮ ಅರ್ಜಿ ಎಲ್ಲಿ ನಿಂತೈತಿ ಅಂತ ನೋಡಾಕ ಜೊತಿಗೆ ಬರ್ತೇವಿ.” ಇಷ್ಟು ಸಾಕು. ಮೊದಲ ಎರಡು ವಾರ ಕೈಯಲ್ಲಿ ಫಾರ್ಮ್, ಟ್ಯಾಬ್ ಇರಬಾರದು. ಕಾಗದ ಕಂಡರೆ ಸರ್ವೆಯವರು ಎಂದು ತಿಳಿಯುತ್ತಾರೆ, ಆಧಾರ್ ಝೆರಾಕ್ಸ್ ತಂದು ಕೈಗಿಡುತ್ತಾರೆ. ಒಮ್ಮೆ ಇಸಿದುಕೊಂಡರೆ ಆ ಹೊಣೆ ನಿಮ್ಮದೇ.

ಫೀಲ್ಡ್‌ವರ್ಕ್ ವರದಿ ಹೇಗಿರಬೇಕು?

ನ್ಯಾಯದ ಪಾಠ ತಲೆಗೆ ಹೋಗಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಇಲ್ಲೇ. ಸಾಮಾನ್ಯವಾಗಿ ಬರುವ ವರದಿಯ ಮಾದರಿ ಹೀಗಿರುತ್ತದೆ:

“ಕ್ಲೈಂಟ್ ಅನಕ್ಷರಸ್ಥೆ. ಸರ್ಕಾರಿ ಯೋಜನೆಗಳ ಬಗ್ಗೆ ಅರಿವಿಲ್ಲ. ಪತಿ ಕುಡುಕ. ಗೃಹಲಕ್ಷ್ಮಿ ಹಣ ಬರುತ್ತಿಲ್ಲ. ಅರಿವು ಮೂಡಿಸಲಾಯಿತು.”

ಇದರಲ್ಲಿ ತೀರ್ಪುಗಳೇ ಹೆಚ್ಚು, ಮುಂದಿನ ಕೆಲಸಕ್ಕೆ ಬರುವ ಮಾಹಿತಿ ಇಲ್ಲ. ಇದೇ ಭೇಟಿಯನ್ನು ಹೀಗೆ ಬರೆಸಿ:

“ವಯಸ್ಸು 52, ಕೂಲಿ ಕೆಲಸ. ರೇಷನ್ ಕಾರ್ಡಿನಲ್ಲಿ ಹೆಸರಿನ ಕಾಗುಣಿತ ಒಂದು, ಆಧಾರ್‌ನಲ್ಲಿ ಇನ್ನೊಂದು. ಬ್ಯಾಂಕ್ ಖಾತೆ ಇದೆ, ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ಬ್ಯಾಂಕಿನವರು ಹೇಳಿಲ್ಲ. ಇದಕ್ಕಾಗಿ ಮೂರು ಸಲ ಹೋಗಿದ್ದಾರೆ, ಮೂರು ದಿನದ ಪಗಾರ ಹೋಗಿದೆ. ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಹೆಸರು ತಿದ್ದಿಸಲು ಹೇಳಿದರು, ಆಧಾರ್ ಕೇಂದ್ರದಲ್ಲಿ ಜನ್ಮದಾಖಲೆ ಕೇಳಿದರು. ಅವರು ಶಾಲೆಗೆ ಹೋಗಿಲ್ಲ, ದಾಖಲೆ ಇಲ್ಲ.”

ಎರಡನೆಯದನ್ನು ಓದಿದರೆ ಮುಂದಿನ ಹೆಜ್ಜೆ ತಾನಾಗಿ ಕಾಣುತ್ತದೆ: ಯಾವ ದಾಖಲೆಯನ್ನು ತಿದ್ದುವುದು ಸುಲಭ, ಯಾವ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು, ಅದೇ ಓಣಿಯಲ್ಲಿ ಇಂಥ ಇನ್ನೆಷ್ಟು ಮಂದಿ ಇದ್ದಾರೆ. ಹತ್ತು ಮನೆಯಲ್ಲಿ ಇದೇ ತೊಡಕು ಕಂಡರೆ ಅದು ಕೇಸ್‌ವರ್ಕ್ ಅಲ್ಲ, ಸಮುದಾಯ ಸಂಘಟನೆ. ವಿಧಾನಗಳ ನಡುವಿನ ಈ ದಾಟುವಿಕೆಯನ್ನು ಪುಸ್ತಕದಿಂದ ಹೇಳಿಕೊಡುವುದು ಕಷ್ಟ, ವರದಿಯಿಂದ ಸುಲಭ.

ತಿದ್ದುವಾಗ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಬೇಕಾದ ಪದಗಳು: ಅಜ್ಞಾನ, ಮೂಢನಂಬಿಕೆ, ಸೋಮಾರಿ, ಹಿಂದುಳಿದ ಮನಸ್ಥಿತಿ, ಅರಿವು ಮೂಡಿಸಲಾಯಿತು. ಹಾಗೆಯೇ ಕರ್ತೃವಿಲ್ಲದ ವಾಕ್ಯಗಳು. “ಅರ್ಜಿ ತಿರಸ್ಕರಿಸಲಾಯಿತು” ಎಂದರೆ ಯಾರು, ಯಾವ ದಿನ, ಏನು ಕಾರಣ ಹೇಳಿ? ಅದನ್ನು ಬರೆಯಲಿ. ಕ್ಲೈಂಟ್ ಹೆಸರು, ಮನೆ ನಂಬರು, ಫೋಟೊ ವರದಿಯಲ್ಲಿ ಬರಬಾರದು. ವಾಟ್ಸಾಪ್ ಗುಂಪಿಗೆ ‘ಇಂದಿನ ಫೀಲ್ಡ್‌ವರ್ಕ್’ ಎಂದು ಫೋಟೊ ಹಾಕುವುದನ್ನು ಮೊದಲ ದಿನವೇ ನಿಲ್ಲಿಸಿ. ಪಾಲನೆ-ರಕ್ಷಣೆ ಬೇಕಾದ ಅಥವಾ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಅಪರಾಧವೂ ಹೌದು.

ಕಾನೂನು ಎಷ್ಟು ಕಲಿಸಬೇಕು? ನಾವೇನು ವಕೀಲರಲ್ಲವಲ್ಲ?

ಕಲಮುಗಳ ಪಟ್ಟಿ ಬೇಡ. ಒಂದು ಕಾನೂನಿನ ಕೆಲಸ ಎಲ್ಲಿ ನಿಲ್ಲುತ್ತದೆ, ನಿಂತಾಗ ಯಾರ ಬಾಗಿಲು ತಟ್ಟಬೇಕು ಎಂಬಷ್ಟು ಬೇಕೇ ಬೇಕು.

ಮಾಹಿತಿ ಹಕ್ಕು ಕಾಯ್ದೆ 2005 ಅನ್ನು ಎಲ್ಲರೂ ಕೈಯಾರೆ ಮಾಡಿ ಕಲಿಯಲಿ. ನಮೂನೆ ‘ಎ’, ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹೆಚ್ಚಿನ ಅರ್ಜಿಗಳು ವಾಪಸು ಬರುವುದು ಈ ಮಿತಿ ಮೀರಿದ್ದಕ್ಕೆ, ಇಲ್ಲವೇ “ಯಾಕೆ ಕೆಲಸ ಮಾಡಿಲ್ಲ?” ಎಂದು ಜಗಳದ ಧಾಟಿಯಲ್ಲಿ ಕೇಳಿದ್ದಕ್ಕೆ. ಕೇಳಬೇಕಾದದ್ದು ದಾಖಲೆ: ಮಂಜೂರಾತಿ ಆದೇಶದ ಪ್ರತಿ, ಕಾಮಗಾರಿಯ ಅಳತೆ ಪುಸ್ತಕದ ಪುಟ, ಫಲಾನುಭವಿ ಪಟ್ಟಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿಯನ್ನು ಸೆಮಿಸ್ಟರ್ ಶುರುವಿನಲ್ಲೇ ಹಾಕಿಸಿ, ಇಲ್ಲದಿದ್ದರೆ ಉತ್ತರ ಬರುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಸಣ್ಣ ಊರಿನಲ್ಲಿ ಅರ್ಜಿದಾರನ ಹೆಸರು ಸಂಜೆಯೊಳಗೆ ಸಂಬಂಧಪಟ್ಟವರ ಕಿವಿಗೆ ಬೀಳುವ ಸಾಧ್ಯತೆ ಇದೆ. ಹಾಗಾಗಿ ವಿದ್ಯಾರ್ಥಿ ತನ್ನೂರಿನ ಪಂಚಾಯಿತಿಗೆ ಹಾಕದಿರಲಿ, ವಿಳಾಸಕ್ಕೆ ವಿಭಾಗದ ವಿಳಾಸ ಕೊಡಲಿ.

ಎಸ್‌ಸಿ-ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ವಿದ್ಯಾರ್ಥಿಗೆ ಗೊತ್ತಿರಬೇಕಾದದ್ದು: ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ (2018ರ ತಿದ್ದುಪಡಿ), ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರದಾಗಬಾರದು, 60 ದಿನದಲ್ಲಿ ದೋಷಾರೋಪ ಪಟ್ಟಿ, ಪರಿಹಾರ ಧನ ಹಂತಹಂತವಾಗಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ 3 ತಿಂಗಳಿಗೊಮ್ಮೆ ಸೇರಬೇಕು. ದೂರು ಕೊಟ್ಟ ಮೇಲೆ ಬರುವ ‘ರಾಜಿ ಪಂಚಾಯಿತಿ’ ಮತ್ತು ಕೂಲಿ, ಕಿರಾಣಿ ಬಂದ್ ಮಾಡುವ ಬಹಿಷ್ಕಾರ, ನಿಜವಾದ ಕಷ್ಟ ಅಲ್ಲಿಂದ ಶುರು. ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಇದೇ ಕಾಯ್ದೆಯಡಿ ಅಪರಾಧ ಎಂಬುದನ್ನು ಒತ್ತಿ ಹೇಳಿ.

ಉಚಿತ ಕಾನೂನು ನೆರವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಿಗುತ್ತದೆ. ಮಹಿಳೆಯರು, ಮಕ್ಕಳು, ಎಸ್‌ಸಿ-ಎಸ್‌ಟಿ, ಅಂಗವಿಕಲರಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.

ಬಾಲ್ಯವಿವಾಹ ನಡೆಯಲಿದೆ ಎಂದು ಫೀಲ್ಡ್‌ನಲ್ಲಿ ತಿಳಿದರೆ?

ವಿದ್ಯಾರ್ಥಿ ಮದುವೆ ಮನೆಗೆ ಹೋಗಿ ಬುದ್ಧಿ ಹೇಳಬಾರದು. ಹೇಳಿದರೆ ಮದುವೆ ನಿಲ್ಲುವುದಿಲ್ಲ, ತಾರೀಖು ಹಿಂದಕ್ಕೆ ಬಂದು ಬೇರೆ ಊರಿನ ಗುಡಿಯಲ್ಲಿ ಗುಟ್ಟಾಗಿ ಮುಗಿಯುತ್ತದೆ. ಅದೇ ದಿನ ಮೇಲ್ವಿಚಾರಕರಿಗೆ ತಿಳಿಸಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ. ಕರೆ ಮಾಡುವಾಗ ಊರು, ದಿನ, ಹುಡುಗಿ ಓದಿದ ಶಾಲೆ ಹೇಳಬೇಕು. ವಯಸ್ಸಿನ ಸಾಕ್ಷಿ ಸಿಗುವುದು ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೆ ದೂರು ಬರವಣಿಗೆಯಲ್ಲಿ ಹೋಗಲಿ. ನ್ಯಾಯಾಲಯದ ತಡೆಯಾಜ್ಞೆಗೂ ಅವಕಾಶವಿದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

ಮದುವೆ ನಿಂತ ಮೇಲಿನ ಮೂರು ತಿಂಗಳೇ ಮುಖ್ಯ. ಹುಡುಗಿ ಮತ್ತೆ ಶಾಲೆಗೆ ಬಂದಳೇ, ಹಾಸ್ಟೆಲ್ ಸೀಟು ಸಿಕ್ಕಿತೇ ಎಂದು ಬೆನ್ನು ಹತ್ತಲು ಯಾರನ್ನಾದರೂ ಹಚ್ಚಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆ 2012ರಂತೆ ತಿಳಿಸುವುದು ಕಡ್ಡಾಯ, ಗುಟ್ಟು ಕಾಯುತ್ತೇವೆ ಎಂಬ ಮಾತು ಅಲ್ಲಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಮಕ್ಕಳಿಗೆ “ಯಾರಿಗೂ ಹೇಳಂಗಿಲ್ಲ” ಎಂದು ಮೊದಲೇ ಮಾತು ಕೊಡದಿರಲು ಕಲಿಸಿ.

ಸ್ಥಳೀಯ ಚಳವಳಿಗಳನ್ನು ಪಾಠದಲ್ಲಿ ತರಬಹುದೇ?

ತರಲೇಬೇಕು. ಸಾಮಾಜಿಕ ಕ್ರಿಯೆಯ ಅಧ್ಯಾಯಕ್ಕೆ ದೂರದ ಉದಾಹರಣೆ ಹುಡುಕುವ ಬದಲು ಬಸ್ಸಿನಲ್ಲಿ ಹೋಗಿಬರುವ ಊರುಗಳಿವೆ. ನವಲಗುಂದ, ನರಗುಂದದ 1980ರ ರೈತ ಬಂಡಾಯ ಎದ್ದದ್ದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಬಂದಿತ್ತು. ಜುಲೈ 21ರ ಗೋಲಿಬಾರಿನಲ್ಲಿ ರೈತರು ಸತ್ತರು, ಇಂದಿಗೂ ಆ ದಿನ ಹುತಾತ್ಮ ದಿನಾಚರಣೆ ನಡೆಯುತ್ತದೆ. ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದಲ್ಲಿ ಹಳ್ಳಿಯ ಸಾಮೂಹಿಕ ಭೂಮಿಗೆ ಹಾಕಿದ ನೀಲಗಿರಿ ಕಿತ್ತು ಜನರಿಗೆ ಬೇಕಾದ ಗಿಡ ನೆಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದರ ಹಿಂದಿತ್ತು, ಕೋರ್ಟಿನ ಹೋರಾಟವೂ ಜೊತೆಗೇ ನಡೆಯಿತು. ಮುಂಡರಗಿ ತಾಲೂಕಿನ ಹಳ್ಳಿಗುಡಿ ಕಡೆ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವ ಪ್ರಸ್ತಾಪ 2011ರಲ್ಲಿ ಬಿದ್ದುಹೋದದ್ದು ರೈತರ ಜೊತೆ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ನಿಂತಾಗ.

ಮೂರನ್ನೂ ಪಕ್ಕಪಕ್ಕ ಇಟ್ಟು ಕೇಳಿ: ಬೇಡಿಕೆ ಎಷ್ಟು ಖಚಿತವಾಗಿತ್ತು? ಮುಂದೆ ನಿಂತವರಿಗೆ ಹೊಲ ಇತ್ತೇ? ಹೊಲವಿಲ್ಲದ ಕೂಲಿಯವರು, ಹೆಣ್ಣುಮಕ್ಕಳು ಎಲ್ಲಿದ್ದರು? ಕೊನೆಯ ಪ್ರಶ್ನೆಗೆ ವಿದ್ಯಾರ್ಥಿಗಳು ತಡಕಾಡುತ್ತಾರೆ. ತಡಕಾಡಲಿ, ಉತ್ತರವನ್ನು ನೀವೇ ಕೊಡಬೇಡಿ.

ಇದೆಲ್ಲ ರಾಜಕೀಯವಲ್ಲವೇ?

ಪಕ್ಷದ ಮಾತು ತರಗತಿಗೆ ಬೇಡ. ಸಂವಿಧಾನದ 14, 15, 17, 21, 23ನೇ ವಿಧಿಗಳು (ಸಮಾನತೆ, ತಾರತಮ್ಯ ನಿಷೇಧ, ಅಸ್ಪೃಶ್ಯತೆ ನಿರ್ಮೂಲನೆ, ಬದುಕುವ ಹಕ್ಕು, ಬಲವಂತದ ದುಡಿಮೆ ನಿಷೇಧ) ಪಕ್ಷದವಲ್ಲ. ಪ್ರಾಂಶುಪಾಲರು ಕೇಳಿದರೆ ಪಾಠದ ಯೋಜನೆಯ ಪಕ್ಕ ವಿಧಿಯ ಸಂಖ್ಯೆ ಬರೆದು ತೋರಿಸಿ.

ಫೀಲ್ಡ್‌ವರ್ಕ್‌ಗೆ ಕಳಿಸಿದ ಸಂಸ್ಥೆಯವರು ವಿದ್ಯಾರ್ಥಿಯನ್ನು ಡೇಟಾ ಎಂಟ್ರಿಗೆ ಕೂರಿಸುತ್ತಾರೆ. ಏನು ಮಾಡುವುದು?

ವಿದ್ಯಾರ್ಥಿಯನ್ನು ಸಂಸ್ಥೆಗೆ ಕಳಿಸುವ ಮೊದಲೇ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಕಚೇರಿ ಕೆಲಸ ವಾರಕ್ಕೆ ಹೆಚ್ಚೆಂದರೆ 3 ಗಂಟೆ, ಸೆಮಿಸ್ಟರಿಗೆ ಕನಿಷ್ಠ 3 ಕೇಸು, 1 ಗುಂಪು, ಸಂಸ್ಥೆಯ ಕಡೆಯಿಂದ ಯಾರು ಮಾರ್ಗದರ್ಶಕರು. ಬಾಯಿಮಾತಿನಲ್ಲಿ ಬಿಟ್ಟರೆ ಅಕ್ಟೋಬರ್ ಹೊತ್ತಿಗೆ ಹುಡುಗಿ ಬ್ಯಾನರ್ ಕಟ್ಟುತ್ತಿರುತ್ತಾಳೆ. ಒಂದು ಕೆಲಸ ಮಾತ್ರ ಕಚೇರಿಯಲ್ಲೂ ಕಲಿಸುತ್ತದೆ: ಸಂಸ್ಥೆಯ ಸಿಬ್ಬಂದಿಯ ಪಗಾರ, ರಜೆ, ಪಿಎಫ್. ನ್ಯಾಯದ ಮಾತಾಡುವ ಸಂಸ್ಥೆ ತನ್ನ ಕ್ಷೇತ್ರ ಕಾರ್ಯಕರ್ತೆಗೆ ಏನು ಕೊಡುತ್ತದೆ ಎಂಬುದನ್ನು ಆಡಳಿತ ಪತ್ರಿಕೆಯಲ್ಲಿ ಚರ್ಚಿಸಿ.

ಗ್ರಾಮೀಣ ಶಿಬಿರ ಶ್ರಮದಾನದಲ್ಲೇ ಮುಗಿಯುತ್ತದೆಯಲ್ಲ?

ಹೌದು, ಮತ್ತು ಶ್ರಮದಾನದಲ್ಲಿ ಬಳಿದ ಗಟಾರವನ್ನು ದಿನಾಲು ಬಳಿಯುವವರು ಯಾರು ಎಂದು ಯಾರೂ ಕೇಳುವುದಿಲ್ಲ. 7ರಿಂದ 10 ದಿನದ ಶಿಬಿರದಲ್ಲಿ ಶ್ರಮದಾನ ಬೆಳಗಿನ ಎರಡು ಗಂಟೆಗೆ ಸೀಮಿತವಾಗಲಿ. ಉಳಿದ ಹೊತ್ತು ಓಣಿವಾರು ಭೇಟಿ, ಪಂಚಾಯಿತಿ ದಾಖಲೆ ಓದುವುದು, ಕೊನೆಯ ಸಂಜೆ ಕಂಡದ್ದನ್ನು ಊರವರ ಮುಂದೆ ಓದಿ ಹೇಳುವುದು. ವಸತಿ ಗುಡಿಯ ಆವರಣದಲ್ಲಿ ಆದರೆ ಕೇರಿಯವರು ಸಭೆಗೆ ಬರುವುದಿಲ್ಲ. ಶಾಲೆಯಲ್ಲಿ ಇಳಿದುಕೊಳ್ಳಿ. ಅಡುಗೆಗೆ ಯಾರನ್ನು ಕರೆದಿರಿ ಎಂಬುದನ್ನೂ ಊರು ನೋಡುತ್ತಿರುತ್ತದೆ.

ಅಂಕ ಹೇಗೆ ಕೊಡುವುದು?

100ಕ್ಕೆ ಹೀಗೊಂದು ಹಂಚಿಕೆ: ವರದಿಯ ಖಚಿತತೆ 30, ಕಚೇರಿ ಮತ್ತು ಜನರ ನಡುವಿನ ಓಡಾಟ 25, ಸಮಾಜದಲ್ಲಿ ತನ್ನ ಸ್ಥಾನದ ಬಗೆಗಿನ ವಿಮರ್ಶೆ 15, ಗುಂಪಿನ ಕೆಲಸ 15, ಮೌಖಿಕ ಪರೀಕ್ಷೆ 15. ‘ಸಮಸ್ಯೆ ಬಗೆಹರಿಸಿದ್ದಕ್ಕೆ’ ಅಂಕವಿಡಬೇಡಿ, ಇಟ್ಟರೆ ಸುಳ್ಳು ಯಶಸ್ಸುಗಳು ಬರುತ್ತವೆ. ತಿರಸ್ಕಾರಗೊಂಡ ಅರ್ಜಿಯ ಕಾರಣವನ್ನು ಕೊನೆಮುಟ್ಟ ಹುಡುಕಿದವನಿಗೆ ಹೆಚ್ಚು ಬರಲಿ.

ವರ್ಷ ಮುಗಿದಾಗ ಅರ್ಧಕ್ಕೆ ನಿಂತ ಕೇಸುಗಳ ಗತಿ?

ವಿದ್ಯಾರ್ಥಿಯ ಕೆಲಸ ಮುಗಿಯುತ್ತಿದೆ ಎಂದು ಕೊನೆಯ ದಿನಕ್ಕೆ 4 ವಾರ ಮೊದಲೇ ಜನರಿಗೆ ಹೇಳಿಸಿ. ಹೊಸ ಕೇಸು ಆಮೇಲೆ ಹಿಡಿಯಬಾರದು. ಪ್ರತಿ ಕೇಸಿಗೂ ಮೂರು ಸಾಲಿನ ಚೀಟಿ ಇರಲಿ: ಅರ್ಜಿ ಸಂಖ್ಯೆ ಮತ್ತು ದಿನಾಂಕ, ಈಗ ಯಾವ ಟೇಬಲ್ಲಿನಲ್ಲಿದೆ, ಮುಂದೆ ಏನು ಕೇಳಬೇಕು. ಒಂದು ಪ್ರತಿ ಆ ಕುಟುಂಬಕ್ಕೆ, ಅವರ ಮೂಲ ಕಾಗದಗಳ ಸಮೇತ. ಇನ್ನೊಂದು ಸಂಸ್ಥೆಗೆ, ಮೂರನೆಯದು ವಿಭಾಗದ ಫೈಲಿಗೆ. ಜುಲೈನಲ್ಲಿ ಬರುವ ಹೊಸ ಬ್ಯಾಚಿನ ಮೊದಲ ಭೇಟಿ ಆ ಫೈಲಿನಿಂದಲೇ ಶುರುವಾಗಲಿ. ವಿದ್ಯಾರ್ಥಿಯ ಸ್ವಂತ ಮೊಬೈಲ್ ನಂಬರು ಕೊಟ್ಟು ಬರುವುದು ಬೇಡ, ಸಂಸ್ಥೆಯದ್ದನ್ನು ಕೊಡಲಿ.